ಪಿಕಪ್ಪಿಗೆ ಸಿಂಥೆಟಿಕ್ ಬೇಕಾ, ಮಿನರಲ್ ಸಾಕಾ? ಶಿರಾಡಿ ಘಾಟಿಯಲ್ಲಿ ಮೂರು ಆಯಿಲ್ ಹಾಕಿ ನೋಡಿದ ಅನುಭವ

ನನ್ನ ಹತ್ತಿರ ಎರಡು ಪಿಕಪ್ ಇವೆ. ಒಂದು 2014ರ ಬೊಲೆರೊ ಪಿಕಪ್, ಮೀಟರ್ 2,70,000 ಕಿಲೋಮೀಟರ್ ದಾಟಿದೆ. ಇನ್ನೊಂದು 2021ರಲ್ಲಿ ತೆಗೆದುಕೊಂಡ ಬಿಎಸ್6 ಗಾಡಿ, ಅಂದರೆ ಹೊಸ ಹೊಗೆ ನಿಯಮಕ್ಕೆ ತಕ್ಕಂತೆ ಮಾಡಿದ್ದು. ಎರಡಕ್ಕೂ ಒಂದೇ ಕೆಲಸ. ಹಾಸನದಿಂದ ತರಕಾರಿ, ಆಲೂಗಡ್ಡೆ ಸೀಸನ್ನಿನಲ್ಲಿ ಆಲೂಗಡ್ಡೆ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ಖಾಲಿ ಕ್ರೇಟು, ಬಾಡಿಗೆ ಸಿಕ್ಕಿದರೆ ಗೊಬ್ಬರದ ಮೂಟೆಯೋ ಹೆಂಚೋ ಹೇರಿಕೊಂಡು ಮತ್ತೆ ಘಾಟಿ ಹತ್ತುವುದು. ಒಂದು ಕಡೆಗೆ 170 ಕಿಲೋಮೀಟರ್ ಆಸುಪಾಸು. ಇಂಜಿನ್ನಿಗೆ ನಿಜವಾದ ಪರೀಕ್ಷೆ ಗುಂಡ್ಯದಿಂದ ದೋಣಿಗಲ್‌ವರೆಗಿನ ಏರಿನಲ್ಲಿ. ಎರಡನೇ ಗೇರು, ಮುಂದೆ ಟ್ಯಾಂಕರ್, ಹಿಂದೆ ಬಸ್ಸು, ಮೇಲೆ ಏಪ್ರಿಲ್ ಬಿಸಿಲು. ಆಯಿಲ್ ಬಗ್ಗೆ ನಾನು ಕಲಿತದ್ದೆಲ್ಲ ಆ ಏರಿನಲ್ಲೇ.

ಇಂಜಿನ್ ಆಯಿಲ್ ಸಿಂಥೆಟಿಕ್ (ವಿಶೇಷವಾಗಿ ತಯಾರು ಮಾಡಿದ್ದು) ಬೇಕಾ, ಮಿನರಲ್ (ಕಚ್ಚಾತೈಲ ಶುದ್ಧ ಮಾಡಿ ತೆಗೆದದ್ದು) ಸಾಕಾ ಅನ್ನುವ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳುತ್ತಾರೆ. ಮಂಡಿಯಲ್ಲಿ ಲೋಡಿಗೆ ಕಾಯುತ್ತಾ ನಿಂತಾಗ ಮಾತು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. "ಅಣ್ಣ, ಸಿಂಥೆಟಿಕ್ ಹಾಕಿದ್ರೆ ಇಂಜಿನ್ ಬಾಳಿಕೆ ಬರುತ್ತಂತೆ, ಹೌದಾ?" ಹೌದು ಅಂತಲೂ ಇಲ್ಲ ಅಂತಲೂ ಒಂದೇ ಮಾತಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಳೇ ಬೊಲೆರೊಗೆ ಮೊದಲಿನಿಂದಲೂ 15ಡಬ್ಲ್ಯೂ-40 (ಆಯಿಲ್ ಎಷ್ಟು ಗಟ್ಟಿ ಅಂತ ಹೇಳುವ ಗ್ರೇಡು) ಮಿನರಲ್ ಆಯಿಲನ್ನೇ ಹಾಕುತ್ತಿದ್ದೆ. ಕ್ಯಾಸ್ಟ್ರಾಲ್ ಸಿಆರ್‌ಬಿ ಟರ್ಬೊಮ್ಯಾಕ್ಸ್ ಸಿಕ್ಕರೆ ಅದು, ಇಲ್ಲದಿದ್ದರೆ ಶೆಲ್ ರಿಮುಲಾ ಆರ್4 ಎಕ್ಸ್. ಹತ್ತು ಸಾವಿರಕ್ಕೊಮ್ಮೆ ಆಯಿಲು, ಫಿಲ್ಟರು ಎರಡೂ ಹೊಸದು. ಎರಡು ಲಕ್ಷದವರೆಗೆ ಇಂಜಿನ್ ಬಿಚ್ಚುವ ಮಾತೇ ಬರಲಿಲ್ಲ. 2,10,000 ಆದಾಗ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಚೆನ್ನಾಗಿರುವ ಒಂದು ಕ್ಯಾನು ತಂದು ಮುಂದಿಟ್ಟ. "ಇದು ಫುಲ್ಲಿ ಸಿಂಥೆಟಿಕ್ ಅಣ್ಣ, ಇದನ್ನ ಹಾಕಿ ನೋಡಿ, ಗಾಡಿ ಬೆಣ್ಣೆ ಹಂಗೆ ಓಡುತ್ತೆ, ಮೈಲೇಜೂ ಜಾಸ್ತಿ." ದುಡ್ಡು ಹೆಚ್ಚು ಕೊಟ್ಟರೆ ಗಾಡಿಗೆ ಒಳ್ಳೆಯದೇ ಆಗುತ್ತದೆ ಅಂದುಕೊಂಡೆ. ಕ್ಯಾನಿನ ಮೇಲೆ 5ಡಬ್ಲ್ಯೂ-30 ಅಂತ ದಪ್ಪಕ್ಷರದಲ್ಲಿತ್ತು. ನಾನು ಓದಿದ್ದು ಸಿಂಥೆಟಿಕ್ ಅನ್ನುವ ಒಂದೇ ಪದ.

ಮೊದಲ ವಾರ ಗಾಡಿ ನಿಜಕ್ಕೂ ಹಗುರವಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ಕಟಕಟ ಶಬ್ದ ಕಡಿಮೆಯಾಗಿತ್ತು. ಆಮೇಲೆ ಒಂದು ದಿನ ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಬಂದೆ. ಮಧ್ಯಾಹ್ನ ಎರಡು ಗಂಟೆಗೆ ಘಾಟಿ ಹತ್ತಿ, ದೋಣಿಗಲ್ ಹತ್ತಿರ ಟೀ ಕುಡಿಯೋಣ ಅಂತ ಗಾಡಿ ಬದಿಗೆ ಹಾಕಿದೆ. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ತಣ್ಣಗಾಗಲಿ ಅಂತ ಇಂಜಿನ್ ಆಫ್ ಮಾಡದೆ ಒಂದು ನಿಮಿಷ ಹಾಗೇ ಬಿಟ್ಟಿದ್ದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಷರಿನ ಕೆಂಪು ದೀಪ ಮಿಣಕ್ ಅಂತು. ಮತ್ತೆ ಮಿಣಕ್. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ, ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಏಳು ವರ್ಷದಲ್ಲಿ ಆ ದೀಪವನ್ನು ನಾನು ಕೀ ಆನ್ ಮಾಡಿದಾಗ ಬಿಟ್ಟು ಬೇರೆ ಹೊತ್ತಿನಲ್ಲಿ ನೋಡಿದವನೇ ಅಲ್ಲ. ತಕ್ಷಣ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಗೇಜು ಎಳೆದು ನೋಡಿದರೆ ಆಯಿಲ್ ಲೆವೆಲ್ ಸರಿಯಾಗೇ ಇತ್ತು. ಗೇಜಿನ ತುದಿಯಿಂದ ಆಯಿಲ್ ನೀರಿನಂತೆ ತೊಟ್ಟಿಕ್ಕುತ್ತಿತ್ತು.

ಅಲ್ಲಿಂದ ಹಾಸನದವರೆಗೆ ಹೇಗೆ ಬಂದೆ ಅನ್ನುವುದು ನನಗೇ ಗೊತ್ತು. ಮಾರನೇ ದಿನವೇ ಆ ಆಯಿಲ್ ಇಳಿಸಿ ಮತ್ತೆ 15ಡಬ್ಲ್ಯೂ-40 ಹಾಕಿಸಿದೆ. ದೀಪ ಮತ್ತೆ ಬರಲಿಲ್ಲ. ಒಂದು ವರ್ಷದ ತನಕ ಸಿಕ್ಕಿದವರಿಗೆಲ್ಲ "ಸಿಂಥೆಟಿಕ್ ಹಾಕಬೇಡಿ, ಇಂಜಿನ್ ಹಾಳಾಗುತ್ತೆ" ಅಂತ ಹೇಳಿಕೊಂಡು ತಿರುಗಿದೆ. ಅದು ತಪ್ಪು. ತಪ್ಪಿದ್ದದ್ದು ಸಿಂಥೆಟಿಕ್ಕಿನಲ್ಲಲ್ಲ, ಗ್ರೇಡಿನಲ್ಲಿ.

ಈ ನಂಬರ್ ಏನು ಅಂತ ಹೇಳಿಬಿಡುತ್ತೇನೆ, ಯಾಕಂದರೆ ಗಾಡಿ ಓಡಿಸುವವರಲ್ಲಿ ತುಂಬಾ ಜನ ಇದನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ನಂಬರ್, ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಡಬ್ಲ್ಯೂ ಮುಂದಿನ 30 ಅಥವಾ 40, ನೂರು ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದಕ್ಕೆ. ಈ ಎರಡು ನಂಬರಿಗೂ ಸಿಂಥೆಟಿಕ್ಕಾ ಮಿನರಲ್ಲಾ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಎರಡು ಲಕ್ಷ ಓಡಿ ಬೇರಿಂಗ್ ಸವೆದು ಸಂದು ದೊಡ್ಡದಾಗಿರುವ ಇಂಜಿನ್ನಿಗೆ, ಕಂಪನಿ 40 ಅಂತ ಬರೆದಿರುವ ಕಡೆ ನಾನು 30 ಹಾಕಿದ್ದೆ. ಘಾಟಿ ಹತ್ತಿ ಕಾದ ಇಂಜಿನ್ ಐಡಲ್‌ಗೆ (ಗಾಡಿ ನಿಂತು ಇಂಜಿನ್ ಮಾತ್ರ ನಿಧಾನಕ್ಕೆ ಓಡುವ ಸ್ಥಿತಿಗೆ) ಬಂದಾಗ ಪ್ರೆಷರ್ ಬೀಳದೆ ಇನ್ನೇನಾಗುತ್ತದೆ?

ಇನ್ನು 5ಡಬ್ಲ್ಯೂ ನಮಗೆ ಬೇಕಾ? 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಇಂಜಿನ್ ತಿರುಗುತ್ತದಾ, ಮೈನಸ್ 25ರಲ್ಲಿ ಪಂಪ್ ಎಳೆಯುತ್ತದಾ ಅಂತ ಪರೀಕ್ಷೆ ಮಾಡಿ ಆ ನಂಬರ್ ಕೊಡುತ್ತಾರೆ. ಸಕಲೇಶಪುರದಲ್ಲಿ ಡಿಸೆಂಬರ್ ಬೆಳಗ್ಗೆ ಎಷ್ಟು ಚಳಿ ಇದ್ದರೂ ಮೈನಸ್ ಮಾತೇ ಇಲ್ಲ. ಹಿಮ ಬೀಳುವ ದೇಶದಲ್ಲಿ ಸಿಂಥೆಟಿಕ್ ಹಾಕಲಿಕ್ಕೆ ಇರುವ ದೊಡ್ಡ ಕಾರಣವೇ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಕೂತು ದೊಡ್ಡ ಪಿಕಪ್ ಓಡಿಸುವವರ ವಿಡಿಯೊ ನೋಡಿ ನಮ್ಮ ಗಾಡಿಗೆ ಆಯಿಲ್ ತೀರ್ಮಾನ ಮಾಡಬೇಡಿ ಅಂತ ಹೇಳುವುದು ಅದಕ್ಕೇ. ನಮ್ಮ ಶತ್ರು ಚಳಿ ಅಲ್ಲ. ಬಿಸಿ, ಹೊಗೆಮಸಿ, ಓವರ್‌ಲೋಡು, ಗಂಟೆಗಟ್ಟಲೆ ಐಡಲ್.

ಹಾಗಾದರೆ ಸಿಂಥೆಟಿಕ್ ಅಂದರೆ ಏನು? ಮಿನರಲ್ ಆಯಿಲ್ ಅಂದರೆ ಕಚ್ಚಾತೈಲವನ್ನು ಶುದ್ಧ ಮಾಡಿ ತೆಗೆದ ಬೇಸ್ ಎಣ್ಣೆ. ಅದರಲ್ಲಿ ಬೇರೆ ಬೇರೆ ಗಾತ್ರದ ಕಣಗಳು ಮಿಶ್ರವಾಗಿರುತ್ತವೆ, ಸಣ್ಣವು ಬಿಸಿಗೆ ಬೇಗ ಆವಿಯಾಗುತ್ತವೆ. ಸಿಂಥೆಟಿಕ್ಕಿನಲ್ಲಿ ಕಣಗಳು ಹೆಚ್ಚು ಕಡಿಮೆ ಒಂದೇ ಥರ ಇರುವಂತೆ ತಯಾರು ಮಾಡಿರುತ್ತಾರೆ, ಅದಕ್ಕೇ ಬಿಸಿ ತಡೆಯುತ್ತದೆ, ಬೇಗ ಗಟ್ಟಿಯಾಗುವುದಿಲ್ಲ, ಕೆಸರು ಕಟ್ಟುವುದು ಕಡಿಮೆ. ಆದರೆ ಇಲ್ಲೊಂದು ವಿಷಯ ಇದೆ. ಇವತ್ತು ಸಿಂಥೆಟಿಕ್ ಅಂತ ಮಾರುವ ಎಷ್ಟೋ ಆಯಿಲ್ ಕೂಡ ಕಚ್ಚಾತೈಲದಿಂದಲೇ ಬಂದದ್ದು, ಹೈಡ್ರೋಜನ್ ಹಾಯಿಸಿ ತುಂಬಾ ಚೆನ್ನಾಗಿ ಶುದ್ಧ ಮಾಡಿರುತ್ತಾರೆ, ಗ್ರೂಪ್ 3 ಅಂತಾರೆ ಅದಕ್ಕೆ. ಇದನ್ನು ಸಿಂಥೆಟಿಕ್ ಅಂತ ಕರೆಯಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್‌ನವರು ಕ್ಯಾಸ್ಟ್ರಾಲ್ ಮೇಲೆ ಜಾಹೀರಾತು ದೂರು ಕೊಟ್ಟು, 1999ರಲ್ಲಿ ಕರೆಯಬಹುದು ಅಂತ ತೀರ್ಮಾನವಾಯಿತು. ಅಂದಿನಿಂದ ಆ ಪದ ತುಂಬಾ ಅಗಲವಾಗಿದೆ. ಗ್ರೂಪ್ 3 ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಒಳ್ಳೆಯ ಎಣ್ಣೆಯೇ. ಆದರೆ ಕ್ಯಾನಿನ ಮುಂದೆ ಬರೆದಿರುವ ಆ ಒಂದು ಪದ ನೋಡಿ ದುಡ್ಡು ಕೊಡಬೇಡಿ, ಕ್ಯಾನನ್ನು ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ಓದಿ.

ಇಷ್ಟು ತಿಳಿದುಕೊಂಡ ಮೇಲೆ, 2,30,000ಕ್ಕೆ ಇನ್ನೊಮ್ಮೆ ಧೈರ್ಯ ಮಾಡಿದೆ. ಈ ಸಲ ಮೊಬಿಲ್ ಡೆಲ್ವಾಕ್ 1, 5ಡಬ್ಲ್ಯೂ-40. ಸಿಂಥೆಟಿಕ್ಕೇ, ಆದರೆ 40 ಗ್ರೇಡು. ಹದಿನೈದು ಸಾವಿರ ಓಡಿಸಿದೆ. ದೋಣಿಗಲ್ಲಿನಲ್ಲಿ ಅದೇ ಜಾಗದಲ್ಲಿ, ಅದೇ ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಿ ದೀಪ ನೋಡುತ್ತಾ ಕೂತೆ. ಹೊತ್ತಿಕೊಳ್ಳಲಿಲ್ಲ.

ಆ ಆಯಿಲ್ ನನಗೆ ಇಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಲೋಡ್ ಮಾಡಿ ಹೊರಡುವಾಗ ಮೊದಲ ಸ್ಟಾರ್ಟಿನಲ್ಲೇ ಇಂಜಿನ್ ಮೆತ್ತಗೆ ಹಿಡಿಯುತ್ತಿತ್ತು. ಮಿನರಲ್ಲಿನಲ್ಲಿ ಹತ್ತು ಸಾವಿರದೊಳಗೆ ಅರ್ಧ ಲೀಟರ್ ಟಾಪ್‌ಅಪ್ ಮಾಡುತ್ತಿದ್ದೆ, ಇದರಲ್ಲಿ ಹದಿನೈದು ಸಾವಿರಕ್ಕೂ ಅಷ್ಟು ಬೇಕಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಟರ್ಬೊ ವಿಷಯದಲ್ಲಿ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ, ಅದನ್ನು ಎತ್ತಿ ಹಿಡಿದಿರುವುದು ತೆಳ್ಳಗಿನ ಒಂದು ಆಯಿಲ್ ಪದರ ಅಷ್ಟೆ. ಏರು ಹತ್ತಿ ಬಂದು ತಕ್ಷಣ ಕೀ ತಿರುಗಿಸಿದರೆ ಅಲ್ಲಿ ನಿಂತ ಆಯಿಲ್ ಬೆಂದು ಕರಕಲಾಗುತ್ತದೆ. ಸಿಂಥೆಟಿಕ್ ಈ ಬೇಯುವಿಕೆಯನ್ನು ಮಿನರಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆದರೂ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡಿ, ಯಾವ ಆಯಿಲ್ ಇದ್ದರೂ ಸರಿ. ನಮ್ಮ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ.

ಒಂದು ತೊಂದರೆಯೂ ಆಯಿತು. ಎರಡನೇ ತಿಂಗಳಿಗೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಜಿನುಗಲು ಶುರುವಾಯಿತು. ಗಾಡಿ ನಿಲ್ಲಿಸಿದ ಕಡೆ ಬೆಳಗ್ಗೆ ಎರಡು ಹನಿ. "ಸಿಂಥೆಟಿಕ್ ಸೀಲ್ ತಿಂದುಹಾಕಿತು" ಅಂದರು ಕೆಲವರು. ನಮ್ಮ ಮೆಕ್ಯಾನಿಕ್ ತುಂಬಾ ಹಳೆಯ ಕೈ, ಅವರು ಸೀಲ್ ಬಿಚ್ಚಿ ತೋರಿಸಿದರು. ರಬ್ಬರ್ ಒಣಗಿ ಕಲ್ಲಿನಂತಾಗಿತ್ತು, ಉಗುರಿನಲ್ಲಿ ಒತ್ತಿದರೆ ತಗ್ಗಲೇ ಇಲ್ಲ. "ಇದು ಯಾವತ್ತೋ ಹೋಗಿದೆ, ಹಳೇ ಜಿಡ್ಡು ಅಂಟಿಕೊಂಡು ಸೋರದಂತೆ ಹಿಡಿದಿತ್ತು, ಹೊಸ ಆಯಿಲ್ ಆ ಜಿಡ್ಡನ್ನ ತೊಳೆದುಬಿಟ್ಟಿದೆ" ಅಂದರು. ಸೀಲ್‌ಗಿಂತ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ಜಾಸ್ತಿ. ಅದಕ್ಕೇ ಹೇಳುತ್ತೇನೆ, ಎರಡು ಲಕ್ಷ ದಾಟಿದ, ಇಷ್ಟು ದಿನ ಮಿನರಲ್ಲಿನಲ್ಲೇ ಓಡಿದ ಗಾಡಿಗೆ ಸಿಂಥೆಟಿಕ್ ಹಾಕುವುದಾದರೆ ಈ ಖರ್ಚಿಗೆ ತಯಾರಿರಿ. ಬರದೇ ಇರಬಹುದು, ಬಂದರೆ ಆಯಿಲನ್ನು ಬೈಯಬೇಡಿ.

ಈಗ ದುಡ್ಡಿನ ಲೆಕ್ಕ. ನನ್ನ ಗಾಡಿಗೆ ಫಿಲ್ಟರ್ ಸೇರಿ ಆರೂವರೆ ಲೀಟರ್ ಅಂತ ಇಟ್ಟುಕೊಳ್ಳಿ. ನಾನು ಕೊಂಡಾಗ ಮಿನರಲ್ ಲೀಟರಿಗೆ 380 ರೂಪಾಯಿ ಬಿದ್ದಿತ್ತು, ಸಿಂಥೆಟಿಕ್ 750. ಫಿಲ್ಟರು, ಕೂಲಿ ಎರಡೂ ಸೇರಿ 500. ಮಿನರಲ್ಲಿಗೆ ಒಟ್ಟು 2,970, ಹತ್ತು ಸಾವಿರ ಓಡಿಸಿದರೆ ಕಿಲೋಮೀಟರಿಗೆ ಮೂವತ್ತು ಪೈಸೆ. ಸಿಂಥೆಟಿಕ್ಕಿಗೆ 5,375, ಹದಿನೈದು ಸಾವಿರ ಓಡಿಸಿದರೆ ಮೂವತ್ತಾರು ಪೈಸೆ. ವ್ಯತ್ಯಾಸ ಆರು ಪೈಸೆ. ಕ್ಯಾನಿನ ಬೆಲೆ ನೋಡಿದಾಗ ಡಬಲ್ ಅನ್ನಿಸುತ್ತದೆ, ಓಡಿದ ಲೆಕ್ಕದಲ್ಲಿ ಅಷ್ಟಿಲ್ಲ. ಆದರೆ ಸಿಂಥೆಟಿಕ್ಕನ್ನೂ ಹತ್ತು ಸಾವಿರಕ್ಕೇ ಇಳಿಸಿದರೆ ಐವತ್ತನಾಲ್ಕು ಪೈಸೆ ಆಗುತ್ತದೆ. ಎಷ್ಟೋ ಜನ ಮಾಡುವುದು ಇದನ್ನೇ. ದುಬಾರಿ ಆಯಿಲ್ ಹಾಕುತ್ತಾರೆ, ಭಯಕ್ಕೆ ಬೇಗ ಇಳಿಸುತ್ತಾರೆ.

ಹದಿನೈದಕ್ಕೆ ಬಿಡಿ, ಇಪ್ಪತ್ತು ಸಾವಿರಕ್ಕೆ ಎಳೆಯಬಹುದಲ್ಲ ಅಂತ ಕೇಳಬಹುದು. ಹೊಸ ಗಾಡಿಯಲ್ಲಿ ಕಂಪನಿ ಪುಸ್ತಕ ಅಷ್ಟು ಹೇಳಿದ್ದರೆ ಸರಿ. ಹಳೇ ಡೀಸೆಲ್ ಇಂಜಿನ್ನಿನಲ್ಲಿ ನಾನು ಎಳೆಯುವುದಿಲ್ಲ. ಬೇಸ್ ಎಣ್ಣೆ ಗಟ್ಟಿಮುಟ್ಟಾಗಿರಬಹುದು, ಆದರೆ ಇಂಜಿನ್ ಉಗುಳುವ ಮಸಿ, ಆಮ್ಲ, ಸುಡದೆ ಇಳಿಯುವ ಡೀಸೆಲ್ ಎಲ್ಲಾ ಅಷ್ಟೇ ಪ್ರಮಾಣದಲ್ಲಿ ಸೇರುತ್ತಿರುತ್ತವೆ. ಅದನ್ನು ಎದುರಿಸಲು ಆಯಿಲಿನಲ್ಲಿ ಬೆರೆಸಿರುವ ರಾಸಾಯನಿಕಗಳು ಖರ್ಚಾಗುತ್ತಾ ಹೋಗುತ್ತವೆ, ಸಿಂಥೆಟಿಕ್ ಇರಲಿ ಮಿನರಲ್ ಇರಲಿ.

ಮೈಲೇಜ್? ಹೆಚ್ಚಾಯಿತು ಅಂತ ಹೇಳಲು ನನಗೆ ಮನಸ್ಸಿಲ್ಲ. ಒಂದು ದಿನ ಹದಿನೈದು ಕ್ವಿಂಟಲ್, ಇನ್ನೊಂದು ದಿನ ಖಾಲಿ, ಮಳೆಗಾಲದಲ್ಲಿ ಘಾಟಿಯಲ್ಲಿ ಎರಡು ಗಂಟೆ ಜಾಮ್. ಒಂದು ಪರ್ಸೆಂಟ್ ಎರಡು ಪರ್ಸೆಂಟ್ ವ್ಯತ್ಯಾಸ ಇದ್ದರೂ ಇಷ್ಟರ ನಡುವೆ ಕಾಣುವುದಿಲ್ಲ.

ಇನ್ನೊಂದು ಮಾತು, ಆಯಿಲ್ ಕಪ್ಪಾಗುವ ಬಗ್ಗೆ. "ಐನೂರು ಕಿಲೋಮೀಟರಿಗೇ ಕಪ್ಪಾಯ್ತು, ಡೂಪ್ಲಿಕೇಟ್ ಆಯಿಲ್" ಅಂತ ಜಗಳ ಮಾಡುವವರನ್ನು ನೋಡಿದ್ದೇನೆ. ಡೀಸೆಲ್ ಗಾಡಿಯಲ್ಲಿ ಆಯಿಲ್ ಕಪ್ಪಾಗಲೇಬೇಕು. ಮಸಿಯನ್ನು ತಳಕ್ಕೆ ಕೂರದಂತೆ ತನ್ನಲ್ಲೇ ತೇಲಿಸಿ ಹಿಡಿದುಕೊಳ್ಳುವುದೇ ಅದರ ಕೆಲಸ. ಎರಡು ಬೆರಳಿನ ನಡುವೆ ಉಜ್ಜಿ "ಇನ್ನೂ ಜಿಡ್ಡಿದೆ, ಓಡಿಸಿ" ಅನ್ನುವುದೂ ಅಷ್ಟೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕಿಲೋಮೀಟರ್ ಬರೆದಿಡಿ, ಅದನ್ನು ನಂಬಿ.

ಬಿಎಸ್6 ಗಾಡಿಯ ಕಥೆ ಬೇರೆಯೇ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಉಳಿತಾಯದ ಯೋಚನೆ ಬಿಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಹೊಗೆಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಬಿಸಿ ಮಾಡಿ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆದರೆ ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಲೋಹಗಳು ಸ್ವಲ್ಪ ಸ್ವಲ್ಪವೇ ಸುಟ್ಟು ಬೂದಿಯಾಗಿ ಅಲ್ಲಿ ಕೂರುತ್ತವಲ್ಲ, ಆ ಬೂದಿ ಮತ್ತೆ ಸುಡುವುದಿಲ್ಲ. ಕೂತದ್ದು ಕೂತೇ ಇರುತ್ತದೆ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಕ್ಯಾನಿನ ಹಿಂದೆ ಸಿ2, ಸಿ3 ಅಂತಲೋ, ಸಿಕೆ-4 ಅಂತಲೋ ಇರುತ್ತದೆ. ಸಿ3 ಅಂದರೆ ಬೂದಿ 0.8 ಪರ್ಸೆಂಟ್ ದಾಟುವಂತಿಲ್ಲ, ಸಿಕೆ-4 ಆದರೆ 1 ಪರ್ಸೆಂಟ್. ನಿಮ್ಮ ಗಾಡಿಯ ಪುಸ್ತಕ ಯಾವುದನ್ನು ಕೇಳಿದೆಯೋ ಅದನ್ನೇ ಹಾಕಿ. ಸಿ2, ಸಿ3 ಆಯಿಲ್‌ಗಳು ಹೆಚ್ಚಾಗಿ ಸಿಂಥೆಟಿಕ್ಕೇ ಆಗಿರುತ್ತವೆ, ಆಯ್ಕೆಯ ಪ್ರಶ್ನೆಯೇ ಇಲ್ಲ.

ಇದರಲ್ಲೂ ನನಗೆ ಒಂದು ಪೆಟ್ಟು ಬಿದ್ದಿದೆ. ನಾನು ಮಂಗಳೂರಲ್ಲಿದ್ದಾಗ ನನ್ನ ತಮ್ಮ ಬಿಎಸ್6 ಗಾಡಿಯನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದ. ಅವರು ಎಲ್ಲಾ ಪಿಕಪ್ಪಿಗೂ ಹಾಕುವ ಡ್ರಮ್ಮಿನಿಂದಲೇ ಇದಕ್ಕೂ ಹಾಕಿ ಕಳಿಸಿದ್ದರು. ಬಿಲ್ಲಿನಲ್ಲಿ ಗ್ರೇಡ್ ನೋಡಿ ನನಗೆ ಗೊತ್ತಾಯಿತು. ಫೋನ್ ಮಾಡಿದರೆ "ಅಣ್ಣ, ಏನೂ ಆಗಲ್ಲ, ಎಲ್ಲಾ ಒಂದೇ" ಅಂದರು. ನಾಲ್ಕು ನೂರು ಕಿಲೋಮೀಟರ್ ಓಡಿದ್ದ ಆ ಆಯಿಲನ್ನು ಇಳಿಸಿ, ಫಿಲ್ಟರ್ ಮತ್ತೆ ಹೊಸದು ಹಾಕಿ, ಸರಿಯಾದದ್ದನ್ನು ತುಂಬಿಸಿದೆ. ಐದು ಸಾವಿರದ ಮೇಲೆ ಕೈಬಿಟ್ಟಿತು, ಆದರೆ ಡಿಪಿಎಫ್ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಅವತ್ತಿನಿಂದ ಆಯಿಲನ್ನು ನಾನೇ ಕೊಂಡು, ಕ್ಯಾನ್ ಸಮೇತ ಗಾಡಿಯಲ್ಲಿಟ್ಟು ಕಳಿಸುತ್ತೇನೆ.

ಬಿಎಸ್6 ಇರುವವರು ಇನ್ನೊಂದನ್ನು ಗಮನಿಸಿ. ಗೇಜಿನಲ್ಲಿ ಆಯಿಲ್ ಲೆವೆಲ್ ಕಡಿಮೆಯಾಗುವ ಬದಲು ಏರುತ್ತಿದೆಯಾ ಅಂತ ನೋಡಿ. ಡಿಪಿಎಫ್ ಸುಡುವಾಗ ಗಾಡಿ ಸ್ವಲ್ಪ ಹೆಚ್ಚು ಡೀಸೆಲ್ ಬಿಡುತ್ತದೆ. ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಿಸಿ ಮಧ್ಯದಲ್ಲೇ ಆಫ್ ಮಾಡುತ್ತಿದ್ದರೆ ಆ ಡೀಸೆಲ್ ಇಳಿದು ಆಯಿಲಿಗೆ ಸೇರಿಕೊಳ್ಳುತ್ತದೆ. ಲೆವೆಲ್ ಮ್ಯಾಕ್ಸ್ ಗೆರೆ ದಾಟಿದ್ದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಆಯಿಲ್ ಇಳಿಸಿ. ನೀವು ಹಾಕಿದ್ದು ಪ್ರಪಂಚದಲ್ಲೇ ದುಬಾರಿ ಸಿಂಥೆಟಿಕ್ ಆಗಿದ್ದರೂ ಡೀಸೆಲ್ ಬೆರೆತ ಮೇಲೆ ಅದು ಬೇರಿಂಗ್ ಕಾಯುವುದಿಲ್ಲ.

ಕೊಳ್ಳುವಾಗ ಬಿಲ್ ತೆಗೆದುಕೊಳ್ಳಿ, ಮುಚ್ಚಳದ ಸೀಲ್ ನೋಡಿ, ಪೆಟ್ರೋಲ್ ಬಂಕ್ ಅಥವಾ ಗುರುತಿರುವ ಡೀಲರ್ ಹತ್ತಿರವೇ ಕೊಳ್ಳಿ. ಸರ್ವೋ, ಎಚ್‌ಪಿ, ಮ್ಯಾಕ್ ಬ್ರ್ಯಾಂಡಿನ ಆಯಿಲ್‌ಗಳು ಬಂಕಿನಲ್ಲೇ ಸಿಗುತ್ತವೆ, ಗ್ರೇಡ್ ಸರಿ ಇದ್ದರೆ ಧೈರ್ಯವಾಗಿ ಹಾಕಬಹುದು. ಖಾಲಿ ಕ್ಯಾನನ್ನು ಹಾಗೇ ಗುಜರಿಗೆ ಹಾಕಬೇಡಿ. ಚೆನ್ನಾಗಿರುವ ಖಾಲಿ ಕ್ಯಾನಿಗೆ ಒಳ್ಳೆ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ, ಯಾತಕ್ಕೆ ಅಂತ ಯೋಚಿಸಿ ನೋಡಿ. ನಾನು ಸ್ಕ್ರೂಡ್ರೈವರಿನಲ್ಲಿ ತಳಕ್ಕೆ ಎರಡು ತೂತು ಹೊಡೆದು, ಲೇಬಲ್ ಹರಿದೇ ಬಿಸಾಡುವುದು. ಇಳಿಸಿದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುತ್ತೇವೆ ಅಂತ ಕೇಳುವವರು ನಮ್ಮ ಕಡೆ ಜಾಸ್ತಿ. ಕೊಡಬೇಡಿ. ಅದರಲ್ಲಿರುವ ಲೋಹ ಮಳೆಗೆ ತೊಳೆದು ಬಾವಿಗೇ ಹೋಗುತ್ತದೆ. ಗ್ಯಾರೇಜಿನ ಡ್ರಮ್ಮಿಗೇ ಸುರಿದು ಬನ್ನಿ.

ಈಗ ನಾನೇನು ಹಾಕುತ್ತಿದ್ದೇನೆ? ಹಳೇ ಬೊಲೆರೊಗೆ ಮತ್ತೆ 15ಡಬ್ಲ್ಯೂ-40 ಮಿನರಲ್, ಕ್ಯಾನಿನ ಹಿಂದೆ ಸಿಐ-4 ಪ್ಲಸ್ ಅಂತ ದರ್ಜೆ ಬರೆದಿರುವುದು, ಹತ್ತು ಸಾವಿರಕ್ಕೊಮ್ಮೆ. ಡೆಲ್ವಾಕ್ 1 ಒಳ್ಳೆಯದಿತ್ತು, ಆದರೂ ಈ ವಯಸ್ಸಿನ ಇಂಜಿನ್ನಿಗೆ ಕೊಟ್ಟ ದುಡ್ಡಿನಷ್ಟು ಲಾಭ ಕಾಣಲಿಲ್ಲ. ಒಂದು ವೇಳೆ ಅದೇ ಗಾಡಿ ಹೊಸದಾಗಿದ್ದು, ದಿನಾ ಲೋಡಿನಲ್ಲಿ ಘಾಟಿ ಹತ್ತುವುದಾಗಿದ್ದರೆ ಮೊದಲ ದಿನದಿಂದಲೇ 5ಡಬ್ಲ್ಯೂ-40 ಸಿಂಥೆಟಿಕ್ ಹಾಕುತ್ತಿದ್ದೆ, ಟರ್ಬೊಗೋಸ್ಕರ. ಬಯಲುಸೀಮೆಯಲ್ಲಿ ಅರ್ಧ ಲೋಡಿನಲ್ಲಿ ಓಡುವ ಗಾಡಿಯಾದರೆ ಅದೂ ಬೇಡ, ಒಳ್ಳೆ ಮಿನರಲ್ ಸಾಕು. ಬಿಎಸ್6ಗೆ ಪುಸ್ತಕ ಹೇಳಿದ ಸಿಂಥೆಟಿಕ್ಕೇ.

ಬೊಲೆರೊಗೆ ಮುಂದಿನ ಚೇಂಜ್ 2,80,000ಕ್ಕೆ. ಡ್ರೈವರ್ ಸೀಟಿನ ಮೇಲಿನ ಸನ್ ವೈಸರ್ ಹಿಂದೆ ಬಿಳಿ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದೇನೆ. ಕ್ಯಾನೂ ಫಿಲ್ಟರೂ ಸೀಟಿನ ಹಿಂದೆ ತಯಾರಾಗಿವೆ. ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಒಂದು ತರಬೇಕು, ಹೋದ ಸಲ ಹಳೆಯದನ್ನೇ ಹಾಕಿದ್ದರು, ಅಲ್ಲಿ ಸ್ವಲ್ಪ ಒದ್ದೆ ಕಾಣುತ್ತಿದೆ.